ಇಬ್ಬರು ಭಾಷಣಕಾರರು, ಒಂದು ಪಾತ್ರೆ ಹಾಲು

ಬೆಳಕು ಹರಿಯುವ ಮೊದಲೇ ಅತ್ತೆ ನೀರು ತುಂಬಿದ್ದರು, ರಾತ್ರಿಯ ಪಾತ್ರೆ ತಿಕ್ಕಿದ್ದರು, ಮಗನ ಅಂಗಿಗೆ ಇಸ್ತ್ರಿ ಹಾಕಿದ್ದರು, ಅದೇ ಬಿಸಿಯಲ್ಲಿ ಸೊಸೆಯ ಸಂಘದ ಬಾವುಟಕ್ಕೂ ಇಸ್ತ್ರಿ ಹಾಕಿದ್ದರು, ಮಧ್ಯಾಹ್ನಕ್ಕೆಂದು ಅಕ್ಕಿ ತೊಳೆದು ನೆನೆಸಿದ್ದರು, ತರಕಾರಿ ಹೆಚ್ಚಿದ್ದರು, ಕಸದ ಬುಟ್ಟಿ ಹೊರಗಿಟ್ಟಿದ್ದರು, ಸೋರುವ ನಲ್ಲಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ, ಹಿಂಡಿ, ಮತ್ತೆ ಕಟ್ಟಿದ್ದರು. ನಡುವೆ ಯಾರಿಗೂ ಹೇಳದ ಕೆಲಸವೊಂದನ್ನೂ ಮುಗಿಸಿದ್ದರು. ಹಿಂಬಾಗಿಲಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, ಮೆಲುದನಿಯಲ್ಲಿ ಒಂದಷ್ಟು ಬಸ್ಸುಗಳನ್ನು ಹೊರಡಿಸಿದ್ದರು.

ಅತ್ತೆ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸು ಬರುವುದನ್ನೂ ಹೋಗುವುದನ್ನೂ ಹೇಳುವ ಕೆಲಸದಲ್ಲಿದ್ದು ನಿವೃತ್ತರಾದವರು. ಅವರ ಜಾಗಕ್ಕೆ ಬಂದ ಯಂತ್ರ, ಹೋದ ಬಸ್ಸನ್ನು ಬರುತ್ತಿದೆ ಎಂದೂ ಬಂದ ಬಸ್ಸು ರದ್ದಾಗಿದೆ ಎಂದೂ ಬಹಳ ಸೌಜನ್ಯದಿಂದ ಹೇಳಿ ಹೇಳಿ, ಕೊನೆಗೆ ಜನರ ಕೈಯಲ್ಲಿ ಏಟು ತಿಂದು ಮೂಲೆ ಸೇರಿತ್ತು. ನಿನ್ನೆ ನಿಲ್ದಾಣದ ಮೇಲ್ವಿಚಾರಕರ ಫೋನು ಬಂದಿತ್ತು. ನಾಳೆ ಬೆಳಗಿನ ಪಾಳಿಗೆ ಬಂದು ಕೂತರೆ ಕೆಲಸ ನಿಮ್ಮದು, ಬರದಿದ್ದರೆ ಬೇರೆಯವರನ್ನು ಹುಡುಕುತ್ತೇವೆ. ದಿನವೂ ಬೆಳಗಿನ ಪಾಳಿ. ಅತ್ತೆ "ಮನೇಲಿ ಒಂದು ಮಾತು ಹೇಳಿ ಬಂದ್ಬಿಡ್ತೀನಿ" ಎಂದಿದ್ದರು. ಆ ಒಂದು ಮಾತು ಇನ್ನೂ ಬಾಯಲ್ಲೇ ಇತ್ತು.

ಕೇಳಬೇಕಾದ ಇಬ್ಬರು ಅಡುಗೆಮನೆಯ ಮೇಜಿನ ಎರಡು ತುದಿಯಲ್ಲಿ ಹಾಳೆ ಹರಡಿಕೊಂಡು ಕೂತಿದ್ದರು. ಮಗ ಕಾಲೇಜಿನಲ್ಲಿ ಪ್ರೊಫೆಸರು, ಹೋರಾಟಗಳ ಬಗ್ಗೆ ಸಂಶೋಧನೆ ಮಾಡುವವನು. ಸೊಸೆ ಲಾಂಡ್ರಿ ಕೆಲಸಗಾರ್ತಿಯರ ಸಂಘದ ಕಾರ್ಯದರ್ಶಿ, ಹೋರಾಟವನ್ನೇ ಮಾಡುವವಳು. ಇವತ್ತು ಇಬ್ಬರಿಗೂ ಒಂದೇ ವೇದಿಕೆ. ಓದಿದವರು ಹೋರಾಡುವವರಿಂದ, ಹೋರಾಡುವವರು ಓದಿದವರಿಂದ ಏನು ಕಲಿಯಬಹುದು ಎಂಬುದು ವಿಷಯ. ಕರೆದವರು ಒಂದು ಷರತ್ತು ಹಾಕಿದ್ದರು: ನೀವು ಏನು ಕಲಿಸಿದಿರಿ ಎಂದು ಹೇಳಬಾರದು, ಏನು ಕಲಿತಿರಿ ಎಂದು ಮಾತ್ರ ಹೇಳಬೇಕು. ಜಗಳ ಆ ಷರತ್ತಿಗೇ ಸಿಕ್ಕಿಕೊಂಡಿತ್ತು.

ಮಗ: ಒಂದೇ ಒಂದು ವಿಷಯ ಹೇಳು, ಸಾಕು. ನಾನು ನಿನ್ನಿಂದ ಏನು ಕಲ್ತಿದೀನಿ?

ಸೊಸೆ: ಅದನ್ನ ನೀನು ಹೇಳ್ಬೇಕು. ಕಲಿತೋನು ನೀನು.

ಮಗ: ಕಲಿತಿದೀನಿ ಅಂತ ಇನ್ನೂ ಸಾಬೀತಾಗಿಲ್ಲವಲ್ಲ.

ಸೊಸೆ: ಕೇಳಿಸ್ತಾ ಅತ್ತೆ? ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಸಾಬೀತು ಬೇಕಂತೆ ಇವನಿಗೆ.

ಅತ್ತೆ: ಕೇಳಿಸ್ತು. ನಾನೂ ಒಂದು ಮಾತು ಹೇಳ್ಬೇಕಿತ್ತು...

ಮಗ: ಒಂದು ನಿಮಿಷ ಅಮ್ಮ. ತಾಳ್ಮೆ ಅಂತ ಬರ್ಕೊಳ್ಳಲಾ? ಹೆಂಡತಿಯಿಂದ ತಾಳ್ಮೆ ಕಲಿತೆ.

ಸೊಸೆ: ನನಗೆಲ್ಲೋ ಇದೆ ತಾಳ್ಮೆ?

ಮಗ: ಇಲ್ಲವಲ್ಲ. ಅದಕ್ಕೇ ನಾನು ಕಲೀಬೇಕಾಯ್ತು.

ಸೊಸೆ: ಹಾಗಾದ್ರೆ ನಾನು ನಿನ್ನಿಂದ ಚುಟುಕಾಗಿ ಮಾತಾಡೋದು ಕಲಿತೆ ಅಂತೀನಿ. ಲೆಕ್ಕ ಸರಿಹೋಗುತ್ತೆ.

ಮಗ ಬರೆದದ್ದನ್ನು ಹೊಡೆದುಹಾಕಿದ. ಅತ್ತೆ ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟು ಉರಿ ಹಚ್ಚಿದರು.

ಅತ್ತೆ: ನಾನು ಬಟ್ಟೆ ಬದಲಾಯಿಸಿ ಬರ್ತೀನಿ. ಹಾಲು ಉಕ್ಕೋದ್ರೊಳಗೆ ಯಾರಾದ್ರೂ ಒಬ್ರು ಎದ್ದು ಒಲೆ ಆರಿಸಿ.

ಇಬ್ಬರೂ "ಹ್ಞೂಂ" ಎಂದರು. ತಲೆ ಎತ್ತಲಿಲ್ಲ.

ಸೊಸೆ: ನಿಮ್ಮೋರಿಂದ ಕಲಿಯೋಕೆ ಏನಿದೆ ಹೇಳು. ಲಾಂಡ್ರಿಗೆ ಬಂದ್ರಿ, ಪ್ರಶ್ನೆ ಕೇಳಿದ್ರಿ, ನಮ್ಮ ಚಹಾ ಕುಡಿದ್ರಿ, ಹೋದ್ರಿ. ನಿಮ್ಮ ಪುಸ್ತಕ ಬರೋ ಹೊತ್ತಿಗೆ ಉತ್ತರ ಹೇಳಿದೋರಲ್ಲಿ ಅರ್ಧ ಜನ ಕೆಲಸ ಬಿಟ್ಟಿದ್ರು.

ಮಗ: ಸಂಶೋಧನೆ ಅಂದ್ರೆ ನಿಧಾನದ ಕೆಲಸ. ಅವಸರ ಮಾಡಿದ್ರೆ ತಪ್ಪಾಗುತ್ತೆ.

ಸೊಸೆ: ಅಳೆದೂ ಸುರಿದೂ ಮಾಡಿದ್ರೂ ತಪ್ಪಾಗಿದೆಯಲ್ಲ. ಪುಸ್ತಕದಲ್ಲಿ ನನ್ನನ್ನ ಏನಂತ ಬರೆದಿದೀಯ? ‘ಮಾಹಿತಿ ನೀಡಿದ ಒಬ್ಬ ಮಹಿಳೆ’ ಅಂತ.

ಮಗ: ಗುರುತು ಬಿಟ್ಟುಕೊಡೋ ಹಾಗಿಲ್ಲ. ಅದು ನಿಯಮ.

ಸೊಸೆ: ಆ ಮಹಿಳೆ ನಿನ್ನ ಹೆಂಡತಿ ಅನ್ನೋದನ್ನೂ ಬಚ್ಚಿಟ್ಟಿದೀಯ.

ಮಗ: ಅದು ಸಂಶೋಧನೆಗೆ ಸಂಬಂಧಪಟ್ಟಿದ್ದಲ್ಲ.

ಸೊಸೆ: ಮುಂದಿನ ಪುಟದಲ್ಲಿ ‘ಈ ಮಹಿಳೆಯ ಸಿಟ್ಟು ಸಕಾರಣವಾದದ್ದು’ ಅಂತಲೂ ಬರೆದಿದೀಯ. ಮನೇಲಿ ಒಂದು ದಿನ ಹಾಗಂದಿದ್ದಿದ್ರೆ ನಾನು ಪುಸ್ತಕ ಕೊಂಡ್ಕೋತಾನೇ ಇರ್ಲಿಲ್ಲ.

ಮಗ: ಸರಿ, ನಿಮ್ಮೋರಿಂದ ಕಲಿಯೋದೇನು? ಯಾವ ಕಚೇರಿ ಮುಂದೆ ಕೂತ್ರೂ ಅದೇ ಘೋಷಣೆ. ಆವತ್ತು ಮಧ್ಯಾಹ್ನದವರೆಗೆ ಬಿಸಿಲಲ್ಲಿ ಕೂಗಿದ್ರಿ. ಕಚೇರಿಗೆ ರಜೆ ಇತ್ತು. ಗಾಳಿಗೆ ಗುದ್ದಿ ಮೈ ನೋಯಿಸ್ಕೊಂಡ ಹಾಗೆ.

ಸೊಸೆ: ಕಾವಲುಗಾರ ಇದ್ದ. ಅವನಿಗೆ ಮನವರಿಕೆ ಆಯ್ತು.

ಮಗ: ಹೋಗೋಕೆ ಮುಂಚೆ ರಜೆಯೋ ಅಲ್ವೋ ಅಂತ ತಿಳ್ಕೊಳ್ಳೋದಿದೆಯಲ್ಲ, ಅದಕ್ಕೇ ಅಧ್ಯಯನ ಅನ್ನೋದು.

ಸೊಸೆ: ತಿಳ್ಕೊಂಡು ಮನೇಲೇ ಕೂತ್ಕೊಳ್ಳೋದಕ್ಕೆ ಏನಂತಾರೆ?

ಮಗ: ಅದು ಅಧ್ಯಯನದ ಎರಡನೇ ಹಂತ.

ಹಾಲಿನ ಅಂಚಿನಲ್ಲಿ ಸಣ್ಣ ಗುಳ್ಳೆಗಳೆದ್ದವು.

ಮಗ: ಹಾಲು ಕಾದಿದೆ.

ಸೊಸೆ: ಕಾದಿದೆ ಅಂತ ನನಗೂ ಕಾಣುತ್ತೆ. ಯಾರಾದ್ರೂ ಏಳ್ರೀ!

ಮಗ: ಮೊದಲು ಅಂಚಲ್ಲಿ ಏಳುತ್ತೆ, ಆಮೇಲೆ ನಡುವೆ ಸುಕ್ಕು ಬರುತ್ತೆ. ನಾನು ಯಾವತ್ತೂ ಗಮನಿಸಿರ್ಲಿಲ್ಲ.

ಸೊಸೆ: ಮೇಲೆ ಬರ್ತಾ ಇದೆ! ಒಲೆ ಆರಿಸಿ! ಒಲೆ ಆರಿಸಿ!

ಮಗ: ಈಗ ನೋಡು, ಕೆನೆ ಬಿರಿಯುತ್ತೆ.

ಬಿರಿಯಿತು. ಹಾಲು ಪಾತ್ರೆಯ ಮೈಯಿಂದ ಇಳಿದು, ಒಲೆಯನ್ನು ದಾಟಿ, ಅತ್ತೆ ಬೆಳಗ್ಗೆ ಒರೆಸಿದ್ದ ಕಟ್ಟೆಯ ಉದ್ದಕ್ಕೂ ಹರಿದು ನೆಲಕ್ಕೆ ತೊಟ್ಟಿಕ್ಕತೊಡಗಿತು. ಹೊರಗೆ ಹೋಗುವ ಬಟ್ಟೆ ತೊಟ್ಟು, ತಲೆ ಬಾಚಿಕೊಂಡು ಬಂದ ಅತ್ತೆ ಬಾಗಿಲಲ್ಲೇ ನಿಂತರು. ಆಮೇಲೆ ಒಳಗೆ ಬಂದು ಒಲೆ ಆರಿಸಿದರು.

ಅತ್ತೆ: ಏನಾಯ್ತು?

ಮಗ: ಉಕ್ಕಿತು. ಮೊದಲಿಂದ ಕೊನೇವರೆಗೂ ಗಮನಿಸಿದೆ.

ಸೊಸೆ: ನಾನು ಎಚ್ಚರಿಸಿದೆ ಅತ್ತೆ. ಗಟ್ಟಿಯಾಗಿಯೇ ಎಚ್ಚರಿಸಿದೆ.

ಅತ್ತೆ: ಯಾರನ್ನ?

ಸೊಸೆ: ಒಟ್ಟಾರೆ ಎಲ್ಲರನ್ನೂ.

ಅತ್ತೆ ಬಟ್ಟೆ ತೆಗೆದುಕೊಂಡು ಕಟ್ಟೆ ಒರೆಸತೊಡಗಿದರು. ತೊಟ್ಟ ಬಟ್ಟೆಗೆ ತಾಗದಂತೆ ಒಂದು ಕೈ ಹಿಂದಕ್ಕೆ ಹಿಡಿದುಕೊಂಡಿದ್ದರು.

ಅತ್ತೆ: ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅಂತಾರೆ. ನಮ್ಮನೇಲಿ ತೂತಿಗೆ ಕೆಲಸವೇ ಇಲ್ಲ.

ಮಗ: ಅಮ್ಮ, ಸ್ವಲ್ಪ ತಡಿ. ಇದು ಒಳ್ಳೆ ಉದಾಹರಣೆ. ಒಬ್ಬ ನೋಡ್ದ, ಒಬ್ಬಳು ಕೂಗಿದ್ಲು, ಯಾರೂ ಎದ್ದು ಹೋಗ್ಲಿಲ್ಲ. ಇದನ್ನೇ ಭಾಷಣಕ್ಕೆ ಹಾಕ್ಕೋತೀನಿ.

ಸೊಸೆ: ನೀನು ಹೇಗೆ ಹಾಕ್ಕೋತೀಯ? ಹಾಲು ನನ್ನ ಉದಾಹರಣೆ. ಕೂಗಿದ್ದು ನಾನು.

ಮಗ: ಮೊದಲು ಕಂಡಿದ್ದು ನನಗೆ.

ಸೊಸೆ: ಕಂಡೂ ಕೂತಿದ್ದೆ.

ಮಗ: ಕೂತಿದ್ದಕ್ಕೇ ಪೂರ್ತಿ ಕಂಡಿತು.

ಸೊಸೆ: ಮೊದಲು ಮಾತಾಡೋಳು ನಾನು. ನಾನು ಹೇಳಿದ ಮೇಲೆ ನೀನು ಬೇಕಾದ್ರೆ ಹಾಲಿನ ಇತಿಹಾಸ ಹೇಳು.

ಕಟ್ಟೆ ಒರೆಸಿ ಮುಗಿದು ಅತ್ತೆ ನೆಲಕ್ಕೆ ಬಂದಾಗ ಸೊಸೆಯ ಕಣ್ಣು ಅವರ ಬಟ್ಟೆಯ ಮೇಲೆ ಬಿತ್ತು.

ಸೊಸೆ: ಅರೆ, ಅತ್ತೆ, ಎಲ್ಲಿಗೆ ಹೊರಟ್ರಿ? ನಮ್ಮ ಭಾಷಣ ಕೇಳೋಕಾ?

ಅತ್ತೆ: ಭಾಷಣ ಕೇಳ್ತಾನೇ ಇದೀನಲ್ಲಮ್ಮ. ನಾನು ಹೇಳ್ಬೇಕು ಅಂತಿದ್ದಿದ್ದು...

ಮಗ: ಬೇಡ ಅಮ್ಮ, ಸುಮ್ನೆ ಸುಸ್ತಾಗುತ್ತೆ. ಮನೇಲೇ ಆರಾಮಾಗಿರು.

ನೆಲ ಒರೆಸುತ್ತಿದ್ದ ಅತ್ತೆ ತಲೆ ಎತ್ತಿ ಮಗನನ್ನು ನೋಡಿದರು. ಬಟ್ಟೆಯನ್ನು ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದರು. ಎದ್ದು ನಿಂತು ಬೆನ್ನು ನೆಟ್ಟಗೆ ಮಾಡಿದರು. ಆಮೇಲೆ ಆ ಮನೆಯೊಳಗೆ ಯಾವತ್ತೂ ಬಳಸದ ಧ್ವನಿಯೊಂದನ್ನು ಹೊರಗೆ ತೆಗೆದರು. ಅದು ಕೂಗಲ್ಲ. ಎಲ್ಲೋ ಮೇಲಿನಿಂದ, ಸಮನಾಗಿ, ಮೂಲೆಮೂಲೆಗೂ ಬರುವ ಧ್ವನಿ.

ಅತ್ತೆ: ಪ್ರಯಾಣಿಕರ ಗಮನಕ್ಕೆ.

ಇಬ್ಬರ ಪೆನ್ನುಗಳೂ ತಾವಾಗಿ ಕೆಳಗಿಳಿದವು.

ಅತ್ತೆ: ಕಾಲೇಜಿನ ಕಡೆಗೆ ಹೋಗುವ ಪ್ರೊಫೆಸರು ಹೋದ ಮಳೆಗಾಲದಲ್ಲಿ ಇದೇ ಒಲೆಯ ಮುಂದೆ ನಿಂತು ಹೇಳಿದ್ದೇನೆಂದರೆ: "ಅಮ್ಮ, ಲಾಂಡ್ರಿ ಹೆಂಗಸರಿಗೆ ‘ನಿಮ್ಮ ಶ್ರಮದ ಅನುಭವವನ್ನು ಹೇಗೆ ಗ್ರಹಿಸುತ್ತೀರಿ’ ಅಂತ ಕೇಳ್ದೆ. ಒಬ್ರೂ ಬಾಯಿ ಬಿಡ್ಲಿಲ್ಲ. ಇವಳು ಬಂದು, ಪೆನ್ನು ಜೇಬಿಗಿಡು, ಈ ಹಾಸಿಗೆ ಬಟ್ಟೆಯ ಆ ತುದಿ ಹಿಡ್ಕೋ ಅಂದ್ಲು. ಹಿಡ್ಕೊಂಡು ಮಡಿಸ್ತಾ ಹೋದೆ. ಸಂಜೆ ಹೊತ್ತಿಗೆ ನಾನು ಕೇಳದೇ ಇದ್ದಿದ್ದನ್ನೂ ಹೇಳಿದ್ರು. ನನಗೆ ಕೇಳೋಕೆ ಬರ್ತಿರ್ಲಿಲ್ಲ ಅಮ್ಮ. ಅವಳಿಗೆ ಹೇಳ್ಬೇಡ."

ಮಗ: ಅಮ್ಮಾ!

ಅತ್ತೆ: ಸಂಘದ ಕಡೆಗೆ ಹೋಗುವ ಕಾರ್ಯದರ್ಶಿ, ಅದೇ ಒಲೆ, ಬೇರೆ ದಿನ: "ಅತ್ತೆ, ಹಬೆ ಕೋಣೇಲಿ ಬೇಯ್ತಿದೀವಿ ಅಂತ ಎಷ್ಟು ಕೂಗಿದ್ರೂ ಮಾಲೀಕ ‘ಬೇಸಿಗೆ ಎಲ್ಲರಿಗೂ ಒಂದೇ’ ಅಂದ. ಇವನು ಬಂದು ಗೋಡೆಗೊಂದು ಉಷ್ಣಮಾಪಕ ನೇತುಹಾಕ್ದ. ಮಾಲೀಕನ ಕೋಣೇಲೂ ಒಂದು ಹಾಕಿಸ್ದ. ದಿನಾ ನಮ್ಮ ಕೈಲೇ ಬರೆಸ್ದ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಮಾಲೀಕ ಬಾಯಿ ಮುಚ್ಕೊಂಡು ಫ್ಯಾನು ಹಾಕಿಸ್ದ. ಕೂಗೋ ಮುಂಚೆ ಅಳೀಬೇಕು ಅಂತ ಗೊತ್ತಾಯ್ತು ಅತ್ತೆ. ಅವನಿಗೆ ಮಾತ್ರ ಹೇಳ್ಬೇಡಿ, ತಲೆ ಮೇಲೆ ಕೂರ್ತಾನೆ."

ಸೊಸೆ ಮೇಜಿನ ಮೇಲೆ ಇಲ್ಲದ ಕಸವನ್ನು ಬೆರಳಿನಿಂದ ಹೆಕ್ಕತೊಡಗಿದಳು.

ಅತ್ತೆ: ಬಸ್ ನಿಲ್ದಾಣದ ಕಡೆಗೆ ಹೋಗುವ ಅತ್ತೆ, ಬೆಳಗಿನ ಪಾಳಿಗಾಗಿ, ಕೆಲವೇ ಹೊತ್ತಿನಲ್ಲಿ ಮುಂಬಾಗಿಲಿನಿಂದ ಹೊರಡಲಿದ್ದಾರೆ. ಇವತ್ತೂ, ನಾಳೆಯೂ, ಇನ್ನು ಮುಂದೆಯೂ. ಪ್ರಯಾಣಿಕರು ಸಹಕರಿಸಬೇಕಾಗಿ ವಿನಂತಿ.

ಮಗ ಹೆಂಡತಿಯ ಕಡೆ ತಿರುಗಿದ.

ಮಗ: ನಿಜವಾಗ್ಲೂ ಹಾಗಂದ್ಯಾ? ಕೂಗೋ ಮುಂಚೆ ಅಳೀಬೇಕು ಅಂತ?

ಸೊಸೆ: ನೀನೂ ಅಂದಿದೀಯಲ್ಲ, ಕೇಳೋಕೆ ಬರ್ತಿರ್ಲಿಲ್ಲ ಅಂತ. ನನಗ್ಯಾಕೆ ಹೇಳ್ಲಿಲ್ಲ?

ಮಗ: ನೀನು ಮೈಕಲ್ಲಿ ಹೇಳ್ಬಿಡ್ತಿದ್ದೆ. ನೀನ್ಯಾಕೆ ಹೇಳ್ಲಿಲ್ಲ?

ಸೊಸೆ: ನೀನು ಅಡಿಟಿಪ್ಪಣಿ ಹಾಕ್ತಿದ್ದೆ. ಅದೂ ನನ್ನ ಹೆಸರಿಲ್ದೆ.

ಇಬ್ಬರೂ ಹಾಳೆ ಎಳೆದುಕೊಂಡು ಸರಸರ ಬರೆಯತೊಡಗಿದರು.

ಅತ್ತೆ: ಕೊನೇ ಬಸ್ಸಿನ ವಿಷಯ ಕೇಳಿಸ್ತಾ?

ಮಗ: ಯಾವ ಬಸ್ಸು?

ಅತ್ತೆ: ನಾನು ಹೋಗೋದು.

ಮಗ: ಹೌದಲ್ಲ! ಅಮ್ಮ, ಇದನ್ನ ದುಡುಕಿ ತೀರ್ಮಾನ ಮಾಡೋದು ಬೇಡ. ಬೆಳಗಿನ ಹೊತ್ತು ಮನೇಲಿ ಯಾವ್ಯಾವ ಕೆಲಸ ಇರುತ್ತೆ, ಯಾರು ಮಾಡ್ತಾರೆ ಅಂತ ಮೊದಲು ಸರಿಯಾಗಿ ತಿಳ್ಕೋಬೇಕು.

ಅತ್ತೆ: ಯಾರು ಮಾಡ್ತಾರೆ ಅಂತ ತಿಳ್ಕೊಳ್ಳೋಕೆ ಎಷ್ಟು ಹೊತ್ತು ಬೇಕಪ್ಪ ನಿನಗೆ?

ಸೊಸೆ: ತಿಳ್ಕೊಳ್ಳೋದು ಮಣ್ಣು! ಇದು ಹಕ್ಕಿನ ಪ್ರಶ್ನೆ. ಅತ್ತೆ, ನೀವು ಧೈರ್ಯವಾಗಿರಿ. ನಿಮ್ಮ ಪರವಾಗಿ ನಾನು ನಿಲ್ತೀನಿ!

ಅತ್ತೆ: ನಿಲ್ಲಮ್ಮ. ಹಾಗೇ ಆ ಸಿಂಕಿನ ಹತ್ರ ನಿಲ್ಲು.

ಸೊಸೆ ಸಿಂಕಿನ ಕಡೆ ನೋಡಿದಳು. ಅಲ್ಲಿ ಅವರಿಬ್ಬರ ಚಹಾ ಲೋಟಗಳಿದ್ದವು, ಬಾಣಲೆ ಇತ್ತು, ಇನ್ನು ಸ್ವಲ್ಪ ಹೊತ್ತಿಗೆ ತಳ ಹಿಡಿದ ಹಾಲಿನ ಪಾತ್ರೆಯೂ ಬರುವುದಿತ್ತು.

ಸೊಸೆ: ಪಾತ್ರೆ ವಿಷಯ ಸ್ವಲ್ಪ ಸಂಕೀರ್ಣ ಅತ್ತೆ. ಅದನ್ನ ಎಲ್ಲಾ ಮಗ್ಗುಲಿಂದ ನೋಡ್ಬೇಕು. ಇವನು ಹೇಳೋ ಹಾಗೆ.

ಮಗ: ಅಲ್ಲದೆ ಅಮ್ಮ, ಕೆಲಸ ನಿಲ್ಲಿಸೋರು ಮೊದಲು ನೋಟಿಸ್ ಕೊಡ್ಬೇಕು. ಇಲ್ದಿದ್ರೆ ಮಾತುಕತೆಗೇ ಬರೋಲ್ಲ ನಾನು. ಇವಳು ಹೇಳೋ ಹಾಗೆ.

ಅತ್ತೆ: ಬೇಗ ಕಲ್ತುಬಿಟ್ರಿ ಇಬ್ರೂ. ಷರತ್ತು ಹಾಕಿದೋರಿಗೆ ಫೋನ್ ಮಾಡಿ ಹೇಳಿ.

ಸೊಸೆಯ ಮುಖ ಕೆಂಪಾಯಿತು. ಅವಳು ಎದ್ದು ಬಂದು ಅತ್ತೆಯ ಎದುರು ನಿಂತಳು. ಈ ಸಲ ಧ್ವನಿ ಸಭೆಯದ್ದಾಗಿರಲಿಲ್ಲ.

ಸೊಸೆ: ತಪ್ಪು ನನ್ನದೇ ಅತ್ತೆ, ಒಪ್ಕೋತೀನಿ. ಆದ್ರೆ ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾನು ತೊಳೆದ ಲೋಟನ ನೀವು ಮತ್ತೆ ತೊಳೀತಿದ್ರೋ ಇಲ್ವೋ?

ಅತ್ತೆ ಬಕೆಟ್ಟಿನ ಅಂಚಿನ ಬಟ್ಟೆಯನ್ನು ನೆಟ್ಟಗೆ ಎಳೆದರು.

ಮಗ: ನಾನು ಮಡಿಸಿದ ಬಟ್ಟೆ ಬಿಚ್ಚಿ ಮತ್ತೆ ಮಡಿಸ್ತೀಯ. ಲಾಂಡ್ರೀಲಿ ಪಾಸಾದೋನು ಮನೇಲಿ ಫೇಲು.

ಅತ್ತೆ: ನೀನು ತೋಳು ಒಳಗೆ ಸೇರಿಸೋಲ್ವಲ್ಲೋ.

ಸೊಸೆ: ಮದುವೆಯಾದ ಹೊಸದರಲ್ಲಿ ದಿನಾ ನಾನೇ ತೊಳೆದಿಟ್ಟು ಮಲಗ್ತಿದ್ದೆ. ನಾನು ಮಲಗಿದ ಮೇಲೆ ನೀವು ಎದ್ದು ತೊಳೀತಿದ್ರಿ. ಸದ್ದು ಕೇಳಿಸ್ತಿತ್ತು. ಒಂದು ದಿನ ಯಾಕೆ ಎರಡೆರಡು ಸಲ ಅಂತ ಬಿಟ್ಟೆ. ಬಿಟ್ಟಿದ್ದು ಹಾಯಾಗಿಯೇ ಇತ್ತು, ಸುಳ್ಳು ಹೇಳೋಲ್ಲ.

ಅತ್ತೆ: ಲೋಟದಲ್ಲಿ ಸೋಪು ಇರ್ತಿತ್ತು ಕಣಮ್ಮ.

ಸೊಸೆ: ಇರ್ತಿತ್ತು. ಇವತ್ತೂ ಇರುತ್ತೆ. ಇವನು ತೊಳೆದ್ರಂತೂ ಗ್ಯಾರಂಟಿ. ಅದನ್ನ ನೋಡ್ಕೊಂಡು ಹೊರಗೆ ಹೆಜ್ಜೆ ಇಡೋಕಾಗುತ್ತಾ ನಿಮಗೆ?

ಅತ್ತೆ: ಯಾಕಾಗೋಲ್ಲ?

ಮಗ: ಆಗೋಲ್ಲ ಅಮ್ಮ. ಬಾಗಿಲ ತನಕ ಹೋಗಿ ವಾಪಸ್ ಬರ್ತೀಯ. ಆ ಕಡೆ ಬಸ್ಸೆಲ್ಲ ಎಲ್ಲಿಗೆ ಹೋಗೋದು ಅಂತ ತಿಳೀದೆ ನಿಂತಿರ್ತವೆ.

ಅತ್ತೆ: ಮೊದಲು ತೊಳೆದು ತೋರಿಸ್ರಪ್ಪ, ಆಮೇಲೆ ಮಾತಾಡಿ.

ಇಬ್ಬರೂ ತೋಳು ಮಡಿಸಿ ಸಿಂಕಿನ ಮುಂದೆ ನಿಂತರು.

ಮಗ: ಮೊದಲು ನೆನೆಸ್ಬೇಕು.

ಸೊಸೆ: ನೆನೆಸ್ತಾ ಕೂತ್ರೆ ನಾವು ಮುದುಕರಾಗ್ತೀವಿ. ಉಜ್ಜು!

ಮಗ: ಯಾವುದರಿಂದ ಉಜ್ಜೋದು? ಇಲ್ಲಿ ಬೇರೆಬೇರೆ ಥರದ್ದಿವೆ.

ಸೊಸೆ: ಕೈಗೆ ಸಿಕ್ಕಿದ್ರಿಂದ!

ಮಗ: ಹಸಿರುದು ಪಾತ್ರೆಗೋ ಕಟ್ಟೆಗೋ? ಅಮ್ಮ?

ಅತ್ತೆ ಬಾಯಿ ತೆರೆದರು. ಮುಚ್ಚಿದರು. ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡರು. ಬಾಣಲೆ ಎಣ್ಣೆಯ ಜಿಡ್ಡಿನೊಡನೆಯೇ ಮೇಲೆ ಬಂತು. ಲೋಟಗಳು ನೊರೆಯೊಡನೆ ಬಂದು ಬುಟ್ಟಿಯಲ್ಲಿ ಕೂತವು. ನೆಲವೆಲ್ಲ ನೀರು. ಅಷ್ಟರಲ್ಲಿ ಹೊರಗೆ, ಭಾಷಣಕಾರರನ್ನು ಕರೆದೊಯ್ಯಲು ಬಂದ ಕಾರು ಹಾರ್ನ್ ಹಾಕಿತು.

ಸೊಸೆ: ಹಾಲಿನ ಪಾತ್ರೆ ಸಂಜೆ ನಾನು ತಿಕ್ತೀನಿ ಅತ್ತೆ. ಅನ್ನ ಇವನು ಬಂದು ಮಾಡ್ತಾನೆ.

ಮಗ: ನಾನಾ? ನನಗೆ ನೀರಿನ ಅಳತೆ...

ಸೊಸೆ: ಅಳೆಯೋದು ನಿಮ್ಮ ಕಡೆಯೋರ ಕೆಲಸ. ಈಗ ಅಂಗಿ ಹಾಕ್ಕೋ, ನಡಿ.

ಮಗ: ಹಾಲಿನ ಉದಾಹರಣೆ ಮಾತ್ರ ನಾನೇ ಹೇಳ್ತೀನಿ.

ಸೊಸೆ: ಕಾರಲ್ಲಿ ನೋಡೋಣ.

ಬಾವುಟವೂ ಅಂಗಿಯೂ ಇಸ್ತ್ರಿಯ ಗೆರೆ ಮುರಿಯದೆ ಹೊರಗೆ ಹೋದವು. ಜಗಳ ಕಾರಿನೊಳಕ್ಕೆ ಹತ್ತಿದ್ದು, ಕಾರಿನ ಬಾಗಿಲು ಹಾಕಿದ್ದು, ಹಾಕಿದ ಮೇಲೂ ಮುಂದುವರಿದದ್ದು ಅಡುಗೆಮನೆಯವರೆಗೆ ಕೇಳಿಸಿತು. ಆಮೇಲೆ ಮನೆ ನಿಶ್ಶಬ್ದವಾಯಿತು.

ಅತ್ತೆ ಕೈಚೀಲವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ಹೋದರು. ವಾಪಸ್ ಬಂದರು.

ಬುಟ್ಟಿಯ ಲೋಟದಿಂದ ನೊರೆ ನಿಧಾನವಾಗಿ ಇಳಿಯುತ್ತಿತ್ತು. ತಳದಲ್ಲಿ ಚಹಾದ ಕಂದು ಬಳೆ ಹಾಗೇ ಇತ್ತು. ಬರೀ ಒಂದು ಲೋಟ. ನೀರಿನ ಕೆಳಗೆ ಹಿಡಿದು ಬೆರಳಾಡಿಸಿದರೆ ಮುಗಿಯಿತು. ಹಾಗೇ ಇನ್ನೊಂದು. ಹಾಗೇ ಬಾಣಲೆ. ಹಾಗೇ ನೆಲ. ಅತ್ತೆ ಲೋಟವನ್ನು ಕೈಗೆತ್ತಿಕೊಂಡು ನಲ್ಲಿ ತಿರುಗಿಸಿದರು. ನೀರು ಬಿತ್ತು. ಲೋಟ ಕೈಯಲ್ಲೇ ಇತ್ತು. ನೀರು ಬೀಳುತ್ತಲೇ ಇತ್ತು. ದೂರದಲ್ಲಿ, ತಿರುವಿನ ಹತ್ತಿರ, ಬಸ್ಸೊಂದು ಗೇರು ಬದಲಿಸಿದ ಸದ್ದು. ಯಾವ ಬಸ್ಸೆಂದು ಅತ್ತೆಗೆ ನೋಡದೆಯೂ ಗೊತ್ತಿತ್ತು.

ಅತ್ತೆ ನಲ್ಲಿ ನಿಲ್ಲಿಸಿದರು. ಪಾತ್ರೆಯ ತಳದಲ್ಲಿ ಉಕ್ಕದೆ ಉಳಿದಿದ್ದ ಹಾಲನ್ನು ಆ ಲೋಟಕ್ಕೇ ಬಗ್ಗಿಸಿಕೊಂಡು, ನಿಂತೇ ಕುಡಿದರು. ಸೋಪಿನ ರುಚಿಯಿತ್ತು. ಗಂಟಲಿಗೆ ಮಾತ್ರ ಬೆಚ್ಚಗೆ ಹಿತವಾಯಿತು.

ಖಾಲಿ ಲೋಟವನ್ನು ಮೇಜಿನ ನಡುವೆ, ಎರಡು ಕುರ್ಚಿಗೂ ಸರಿಯಾಗಿ ಕಾಣುವ ಹಾಗೆ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟರು.